ಬೆಂಚ್ ಭಾಗ್ಯ

ವಿಡಿಯೊ ನಿಮಗೂ ಬಂದಿರುತ್ತದೆ. ಆ ವಾರ ದಾವಣಗೆರೆಯಲ್ಲಿ ಯಾರ ಮೊಬೈಲಿಗೆ ಬಂದಿಲ್ಲ ಹೇಳಿ. ಹೆಣ್ಣುಮಕ್ಕಳ ಕಾಲೇಜು ಬಾಸ್ಕೆಟ್‌ಬಾಲ್, ಎದುರಿಗೆ ಚಿತ್ರದುರ್ಗದ ಟೀಮ್. ನಮ್ಮ ಕಡೆಯ ಮೂವರು ಒಳ್ಳೆಯ ಆಟಗಾರ್ತಿಯರು ಬೆಂಚಿನ ಮೇಲೆ ಕೈಕಟ್ಟಿ ಕೂತಿದ್ದಾರೆ. ಪಿ.ಡಿ. ಸರ್, ಅಂದರೆ ಕಾಲೇಜಿನ ಆಟದ ಮೇಷ್ಟ್ರು, ಮೊಬೈಲ್ ಕಡೆ ತಿರುಗಿ ಹೇಳುತ್ತಿದ್ದಾರೆ, "ಉಳಿದವರಿಗೆ ಸ್ಫೂರ್ತಿ ಬರ್ಲಿ ಅಂತ ಸ್ಟಾರ್‌ಗಳನ್ನ ನಾನೇ ಕೂರ್ಸಿದೀನಿ." ಅವರ ಭುಜದ ಹಿಂದೆ ಸ್ಕೋರ್ ಬೋರ್ಡು. 4–19. ಪಾಪ, ಬೋರ್ಡಿಗೆ ಇನ್ನೂ ಸ್ಫೂರ್ತಿ ಬಂದಿರಲಿಲ್ಲ.

ಮೊದಲು ಅಭಿನಂದನೆ ಹೇಳಿಬಿಡೋಣ. ಅನ್ನಭಾಗ್ಯ ನೋಡಿದ್ದೇವೆ, ಕ್ಷೀರಭಾಗ್ಯ ನೋಡಿದ್ದೇವೆ. ಈಗ ಬೆಂಚ್ ಭಾಗ್ಯ. ಇದಕ್ಕೆ ಬಿಪಿಎಲ್ ಕಾರ್ಡ್ ಬೇಡ, ಆಧಾರ್ ಲಿಂಕ್ ಬೇಡ, ಸರ್ವರ್ ಡೌನ್ ಅನ್ನುವ ರಗಳೆ ಇಲ್ಲ. ಚೆನ್ನಾಗಿ ಆಡಿದರೆ ಸಾಕು. ಜಾಸ್ತಿ ಚೆನ್ನಾಗಿ ಆಡಿದರೆ ಜಾಸ್ತಿ ಹೊತ್ತು ಕೂರಬಹುದು.

ಬೆಂಚು ಎಲ್ಲಿಂದ ಎಲ್ಲಿಗೆ ಬಂತು ನೋಡಿ. ನಮ್ಮ ಕಾಲದಲ್ಲಿ ಅದರ ಮೇಲೆ ನಿಲ್ಲಿಸುತ್ತಿದ್ದರು. ಮಗ್ಗಿ ಬಾರದವನು, ಹೋಂವರ್ಕ್ ಮಾಡದವನು, ಪಕ್ಕದವನ ಜೇಬಿನ ಮಂಡಕ್ಕಿ ತಿಂದು ಸಿಕ್ಕಿಬಿದ್ದವನು. ನಾನು ಹದಿಮೂರರ ಮಗ್ಗಿ ಕಲಿತದ್ದೇ ಬೆಂಚಿನ ಮೇಲೆ ನಿಂತು. ಅಲ್ಲಿಂದ ಕಿಟಕಿಯಾಚೆ ಕಾಟನ್ ಮಿಲ್ಲಿನ ಚಿಮಣಿ ಕಾಣುತ್ತಿತ್ತು, ಆಮೇಲೆ ಮಿಲ್ಲೂ ಹೋಯಿತು, ಮಗ್ಗಿಯೂ ಮರೆತುಹೋಯಿತು. ದಡ್ಡರನ್ನು ನಿಲ್ಲಿಸುತ್ತಿದ್ದ ಬೆಂಚಿನ ಮೇಲೆ ಈಗ ಜಾಣರನ್ನು ಕೂರಿಸುತ್ತಾರೆ. ಬೆಂಗಳೂರಿನ ಐಟಿ ಕಂಪನಿಯಲ್ಲಿರುವ ನನ್ನ ತಂಗಿಯ ಮಗ ಒಂದು ದಿನ ಫೋನ್ ಮಾಡಿ "ಮಾವ, ಬೆಂಚಲ್ಲಿದೀನಿ" ಅಂದ. ಆಸ್ಪತ್ರೆ ಬೆಂಚೋ ಪೊಲೀಸ್ ಸ್ಟೇಷನ್ ಬೆಂಚೋ ಎಂದು ನಾವು ಗಾಬರಿಯಾದೆವು. ಪ್ರಾಜೆಕ್ಟ್ ಇಲ್ಲದೆ ಕೂರುವುದಕ್ಕೆ ಹಾಗನ್ನುತ್ತಾರಂತೆ, ಸಂಬಳವೂ ಬರುತ್ತದಂತೆ. ಇನ್ನು ಹುಬ್ಬಳ್ಳಿ-ಧಾರವಾಡದವರು ಹೈಕೋರ್ಟ್ ಬೆಂಚಿಗಾಗಿ ಎಷ್ಟು ಬಂದ್, ಎಷ್ಟು ಧರಣಿ ಮಾಡಿದರು. 2008ರಲ್ಲಿ ಸಂಚಾರಿ ಪೀಠ ಬಂತು, ಅದು ಕಾಯಂ ಆಗಲು 2013 ಆಯಿತು. ನಮ್ಮೂರ ಹುಡುಗಿಯರಿಗೆ ಅರ್ಜಿಯನ್ನೇ ಹಾಕದೆ ಒಂದು ನಿಮಿಷದಲ್ಲಿ ಬೆಂಚು ಸಿಕ್ಕಿತು.

ಅಂದ ಹಾಗೆ ಆ ಬೆಂಚು ಬಿಕಾಂ ಕ್ಲಾಸಿನದು. ಬೆಳಿಗ್ಗೆ ಹುಡುಗಿಯರೇ ಹೊತ್ತು ತಂದು ಬಿಸಿಲಲ್ಲಿ ಇಟ್ಟಿದ್ದರು. ಶಾಮಿಯಾನದ ನೆರಳಲ್ಲಿ ಸೋಫಾ ಇತ್ತು. ಅದು ಅತಿಥಿಗಳಿಗೆ.

ಇಷ್ಟು ಒಳ್ಳೆಯ ಪದ್ಧತಿಯನ್ನು ಬಾಸ್ಕೆಟ್‌ಬಾಲ್‌ಗೆ ಮಾತ್ರ ಯಾಕೆ ಇಟ್ಟುಕೊಳ್ಳಬೇಕು? ನಮ್ಮ ಬೆಣ್ಣೆ ದೋಸೆ ಹೋಟೆಲಿನಲ್ಲೂ ತರಬಹುದಲ್ವಾ. ಇಪ್ಪತ್ತು ವರ್ಷದಿಂದ ಸೌದೆ ಒಲೆ ಮುಂದೆ ನಿಂತು ಕಣ್ಣು ಮುಚ್ಚಿಕೊಂಡೇ ದೋಸೆ ಹುಯ್ಯುವ ಅಣ್ಣನನ್ನು ಭಾನುವಾರ ಬೆಳಿಗ್ಗೆ ಎಂಟೂವರೆಗೆ, ಹೊರಗೆ ನಲವತ್ತು ಜನ ಕಾಯುತ್ತಿರುವಾಗ, ಸ್ಟೂಲ್ ಮೇಲೆ ಕೂರಿಸಬೇಕು. ಟೇಬಲ್ ಒರೆಸುವ ಹುಡುಗನಿಗೆ ಸ್ಫೂರ್ತಿ ಬರಲಿ ಎಂದು ಸೌಟು ಕೊಡಬೇಕು. ಅವನು ಹುಯ್ದ ಮೊದಲ ದೋಸೆ ಶ್ರೀಲಂಕಾ, ಎರಡನೆಯದು ಆಸ್ಟ್ರೇಲಿಯಾ, ಮೂರನೆಯದು ಕಾವಲಿ ಬಿಟ್ಟು ಏಳುವುದೇ ಇಲ್ಲ. ದೋಸೆ ಅಣ್ಣ ಸ್ಟೂಲ್ ಮೇಲೆ ಕೂತು ನೋಡುತ್ತಾನೆ, ಮಾಲೀಕ ಗಲ್ಲಾ ಪೆಟ್ಟಿಗೆ ಹಿಂದಿನಿಂದ "ಕಾನ್ಫಿಡೆನ್ಸ್, ಕಾನ್ಫಿಡೆನ್ಸ್" ಎಂದು ಕೂಗುತ್ತಾನೆ. ಎಷ್ಟು ಹೊತ್ತು ನಡೆಯುತ್ತದೆ? ಹತ್ತು ನಿಮಿಷವೂ ಇಲ್ಲ. ಪಲ್ಯ ತಣ್ಣಗಿದ್ದರೆ ಮಾಲೀಕನ ಮೂರು ತಲೆಮಾರು ಜಾಲಾಡುವ ಊರು ಇದು. ದೋಸೆ ವಿಷಯದಲ್ಲಿ ನಾವು ಯಾರನ್ನೂ ಪ್ರಯೋಗ ಮಾಡಲು ಬಿಡುವುದಿಲ್ಲ. ಪ್ರಯೋಗಕ್ಕೆ ಹೆಣ್ಣುಮಕ್ಕಳ ಆಟ ಇದೆಯಲ್ಲ.

ಎದುರಿಗಿದ್ದವರು ದುರ್ಗದವರು. ಅದಾದರೂ ನೆನಪಾಗಬೇಕಿತ್ತು. ಗಂಡ ಊಟಕ್ಕೆ ಬಂದ ಹೊತ್ತಲ್ಲಿ ನೀರು ತರಲು ಹೋದ ಓಬವ್ವ, ಕಿಂಡಿಯಲ್ಲಿ ನುಸುಳುತ್ತಿದ್ದ ಹೈದರಾಲಿಯ ಸೈನಿಕರನ್ನು ಒನಕೆಯಲ್ಲಿ ಹೊಡೆದ ಕಥೆ ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ನಮ್ಮ ಪಿ.ಡಿ. ಸರ್ ಆಗ ಕೋಟೆಯ ಉಸ್ತುವಾರಿಯಲ್ಲಿ ಇದ್ದಿದ್ದರೆ ಏನಾಗುತ್ತಿತ್ತು? "ಓಬವ್ವಾ, ನೀನು ಕೂತ್ಕೊಳವ್ವ. ಎಲ್ಲಾ ನೀನೇ ಹೊಡೆದ್ರೆ ಉಳಿದವರು ಕಲಿಯೋದು ಯಾವಾಗ? ಒನಕೆ ಆ ಹುಡುಗಿಗೆ ಕೊಡು, ಹೊಸಬಳು, ಸ್ವಲ್ಪ ಧೈರ್ಯ ಬರ್ಲಿ." ಹೈದರಾಲಿಗೆ ದುರ್ಗ ಹಿಡಿಯಲು 1779ರವರೆಗೆ ಕಾಯುವ ಕಷ್ಟವೇ ಇರುತ್ತಿರಲಿಲ್ಲ. ಈಗ 2021ರಿಂದ ನವೆಂಬರ್ 11ಕ್ಕೆ ಸರ್ಕಾರವೇ ಓಬವ್ವ ಜಯಂತಿ ಮಾಡುತ್ತದೆ. ಅವತ್ತು ಹುಡುಗಿಯೊಬ್ಬಳಿಗೆ ಕಚ್ಚೆ ಸೀರೆ ಉಡಿಸಿ, ಕೈಗೆ ರಟ್ಟಿನ ಒನಕೆ ಕೊಟ್ಟು, ಸ್ಟೇಜ್ ಮೇಲೆ ನಿಲ್ಲಿಸಿ ಫೋಟೊ ತೆಗೆಸುತ್ತೇವೆ. ರಟ್ಟಿನ ಒನಕೆ ನಮಗೆ ತುಂಬಾ ಇಷ್ಟ. ಅದರಿಂದ ಯಾರಿಗೂ ಪೆಟ್ಟಾಗುವುದಿಲ್ಲ.

ಪಿ.ಡಿ. ಸರ್‌ಗೆ ಈ ಐಡಿಯಾ ಎಲ್ಲಿಂದ ಬಂತು ಅಂತ ನನಗೆ ಗೊತ್ತು. ವಾಟ್ಸಾಪ್‌ನಿಂದ. ಅಮೆರಿಕದ ಕನೆಕ್ಟಿಕಟ್ ವಿಶ್ವವಿದ್ಯಾಲಯದ ಮಹಿಳಾ ಟೀಮಿನ ಕೋಚ್ ಜೀನೊ ಆರಿಯೆಮ್ಮಾ ಅವರ ಒಂದು ಹಳೇ ವಿಡಿಯೊ ವರ್ಷಗಳಿಂದ ಓಡಾಡುತ್ತಿದೆ. ಮುಖ ಗಂಟು ಹಾಕಿಕೊಂಡು, ಟೀಮಿನವರ ಬುಟ್ಟಿಗೆ ಚಪ್ಪಾಳೆ ಹೊಡೆಯದೆ, ತಾನಾಯಿತು ತನ್ನ ಪಾಯಿಂಟಾಯಿತು ಅನ್ನುವ ಹುಡುಗಿ ಎಷ್ಟೇ ದೊಡ್ಡ ಸ್ಟಾರ್ ಆಗಿರಲಿ, ಅವಳನ್ನು ಆಡಿಸುವುದಿಲ್ಲ ಅನ್ನುವುದು ಅದರ ಸಾರ. ಒಪ್ಪುವ ಮಾತೇ. ಆದರೆ ಆ ಮನುಷ್ಯ 1985ರಿಂದ ಒಂದೇ ಟೀಮಿಗೆ ಕೋಚು. 2025ರ ಹೊತ್ತಿಗೆ 12 ರಾಷ್ಟ್ರೀಯ ಪ್ರಶಸ್ತಿ ಗೆದ್ದಿದ್ದಾರೆ. ಅವರ ಟೀಮ್ 2017ರಲ್ಲಿ ಒಮ್ಮೆ ಸೋಲುವ ಮುನ್ನ ಸತತ 111 ಪಂದ್ಯ ಗೆದ್ದಿತ್ತು. ಅವರ ಬೆಂಚಿನಲ್ಲಿ ಕೂತವಳೂ ಬೇರೆ ಕಾಲೇಜಿಗೆ ಹೋದರೆ ರಾಣಿ. ನಮ್ಮ ಟೀಮಿನ ಹನ್ನೆರಡು ಜನರಲ್ಲಿ ಚೆಂಡು ನೋಡದೆ ಡ್ರಿಬಲ್ ಮಾಡಬಲ್ಲವರು, ಅಂದರೆ ಚೆಂಡು ಪುಟಿಸುತ್ತಾ ಓಡಬಲ್ಲವರು, ಐದು ಮಂದಿ. ಅದರಲ್ಲಿ ಮೂವರು ಬೆಂಚಿಗೆ. ಇನ್ನಿಬ್ಬರು ಎಷ್ಟು ಸ್ಫೂರ್ತಿ ತಾಳಿಯಾರು?

ಅಲ್ಲೂ ಎಲ್ಲ ಸಲೀಸಾಗಿ ಏನೂ ನಡೆಯಲ್ಲ ಬಿಡಿ. 2023ರ ಏಪ್ರಿಲ್‌ನಲ್ಲಿ ಅಮೆರಿಕದ್ದೇ ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿಯ (ಎಲ್‌ಎಸ್‌ಯು) ಮಹಿಳಾ ಟೀಮಿಗೆ ರಾಷ್ಟ್ರೀಯ ಪ್ರಶಸ್ತಿ ಗೆದ್ದುಕೊಟ್ಟವರಲ್ಲಿ ಏಂಜಲ್ ರೀಸ್ ಮೊದಲಿಗಳು. ಅದೇ ವರ್ಷ ನವೆಂಬರ್‌ನಲ್ಲಿ ಕೋಚ್ ಕಿಮ್ ಮಲ್ಕಿ ಒಂದು ಮ್ಯಾಚಿನ ಅರ್ಧಕ್ಕೆ ಅವಳನ್ನು ಕೂರಿಸಿದರು. ಆಮೇಲೆ ನಾಲ್ಕು ಮ್ಯಾಚಿಗೆ ಅವಳು ಇಲ್ಲ. ಕಾರಣ ಕೇಳಿದ ಪತ್ರಕರ್ತರಿಗೆ ಸಿಕ್ಕಿದ್ದು ಟೀಮಿನ ಒಳಗಿನ ವಿಷಯ ಅನ್ನುವ ಧಾಟಿಯ ಉತ್ತರ. ಆದರೂ ಅಲ್ಲಿ ಪತ್ರಕರ್ತರು ಕೇಳಿದರು, ದಿನಾ ಕೇಳಿದರು. ಇಲ್ಲಿ ಪಿ.ಡಿ. ಸರ್‌ನ ಯಾರು ಕೇಳಬೇಕು? ಇಂಟರ್ನಲ್ ಮಾರ್ಕ್ಸ್ ಯಾರ ಕೈಯಲ್ಲಿದೆ?

ನಮ್ಮ ದೇಶದ ಉದಾಹರಣೆಯೂ ಇದೆ, ಅದನ್ನು ಯಾರೂ ವಾಟ್ಸಾಪ್ ಮಾಡುವುದಿಲ್ಲ. 2018ರ ನವೆಂಬರ್, ಆಂಟಿಗಾ, ಮಹಿಳೆಯರ ಟಿ20 ವಿಶ್ವಕಪ್ ಸೆಮಿಫೈನಲ್, ಎದುರಿಗೆ ಇಂಗ್ಲೆಂಡ್. ಮಿಥಾಲಿ ರಾಜ್ ಅದೇ ಟೂರ್ನಿಯಲ್ಲಿ ತಾವು ಬ್ಯಾಟ್ ಹಿಡಿದ ಎರಡು ಪಂದ್ಯದಲ್ಲೂ ಅರ್ಧ ಶತಕ ಹೊಡೆದಿದ್ದರು. ಸೆಮಿಫೈನಲ್‌ಗೆ ಬೆಂಚು. ಗೆದ್ದ ಟೀಮನ್ನು ಮುರಿಯಬಾರದು ಅನ್ನುವ ಲೆಕ್ಕ. ಭಾರತ 112ಕ್ಕೆ ಆಲೌಟ್, ಇಂಗ್ಲೆಂಡಿಗೆ ಎಂಟು ವಿಕೆಟ್ ಜಯ. ಬೌಂಡರಿ ಆಚೆ ಕೂತಿದ್ದ ಮಿಥಾಲಿ ಮುಖವನ್ನು ಟಿವಿಯವರು ಎಷ್ಟು ಸಲ ತೋರಿಸಿದರು ಅಂದರೆ, ನಮ್ಮ ಮನೆಯವರು "ಆಯಮ್ಮನ್ನ ಬಿಡ್ರೋ ಪಾಪ" ಎಂದು ಟಿವಿಗೇ ಬೈದಿದ್ದರು.

ಇನ್ನು ನಮ್ಮ ಮ್ಯಾಚಿಗೆ ಬರೋಣ. ಬೆಂಚಲ್ಲಿದ್ದ ಮೂವರಲ್ಲಿ ಹತ್ತನೇ ನಂಬರಿನವಳು ನಮ್ಮ ಓಣಿ ಹುಡುಗಿ. ಅವಳಪ್ಪನದು ಮಂಡಕ್ಕಿ-ಮಿರ್ಚಿ ಅಂಗಡಿ. ಹುಡುಗಿ ಆಡೋದೇ ಬೇಡ ಅನ್ನುತ್ತಿದ್ದ ಮನುಷ್ಯ. ಚಡ್ಡಿ ಹಾಕಿಕೊಂಡು ಓಡುತ್ತಾಳೆ ಎಂದು ಅವರ ಅಕ್ಕ ಮನೆಗೆ ಬಂದು ಜಗಳ ಆಡಿ ಹೋಗಿದ್ದರು. ಎರಡು ವರ್ಷ ಅಮ್ಮನ ಕೈಲಿ ಹೇಳಿಸಿ, ಅಜ್ಜಿ ಕೈಲಿ ಹೇಳಿಸಿ, ಕೊನೆಗೆ ಅಪ್ಪನನ್ನು ಒಂದು ಮ್ಯಾಚಿಗೆ ಕರೆತಂದಿದ್ದಳು. ಅವರು ಅರ್ಧ ದಿನ ಅಂಗಡಿ ಮುಚ್ಚಿ, ಇಸ್ತ್ರಿ ಅಂಗಿ ಹಾಕಿಕೊಂಡು ಬಂದು ನನ್ನ ಪಕ್ಕ ನಿಂತಿದ್ದರು. ಮೊದಲ ಕ್ವಾರ್ಟರ್ ಮುಗಿಯಿತು. ಕ್ವಾರ್ಟರ್ ಅಂದರೆ ಹತ್ತು ನಿಮಿಷ ಅಂತ ಅವರಿಗೆ ಬಿಡಿಸಿ ಹೇಳಬೇಕಾಯಿತು, ನಮ್ಮೂರಲ್ಲಿ ಆ ಪದಕ್ಕೆ ಬೇರೆ ಅರ್ಥವೇ ಚಾಲ್ತಿಯಲ್ಲಿದೆ.

"ಅಣ್ಣಾ, ನಮ್ ಹುಡ್ಗಿ ಯಾಕೆ ಕೂತಾಳೆ? ಹುಷಾರಿಲ್ವಾ?"

"ಹಂಗಲ್ಲ. ಟೀಮಿಗೆ ಸ್ಫೂರ್ತಿ ಬರ್ಲಿ ಅಂತ ಸರ್ ಕೂರ್ಸಿದಾರೆ."

ಅವರು ಸ್ವಲ್ಪ ಹೊತ್ತು ಕೋರ್ಟ್ ನೋಡಿದರು. "ಏನ್ ತಪ್ಪು ಮಾಡಿದ್ಲು?" ಅಂದರು.

ಇದಕ್ಕೆ ನಾನೇನು ಹೇಳಲಿ? ಏನೂ ಮಾಡಿಲ್ಲ, ಚೆನ್ನಾಗಿ ಆಡ್ತಾಳೆ, ಅದಕ್ಕೆ, ಅಂದರೆ ಆ ಮನುಷ್ಯನಿಗೆ ಅರ್ಥವಾಗುತ್ತದಾ? ನನಗೇ ಆಗಿಲ್ಲ.

ನೋಡಿ, ಪಾಸ್ ಕೊಡದೆ ಒಬ್ಬಳೇ ಆಡುವವಳನ್ನು ಎರಡು ನಿಮಿಷ ಕೂರಿಸಿ ಕಿವಿಮಾತು ಹೇಳಿ ಕಳಿಸುವುದು ಬೇರೆ. ಅದನ್ನು ಯಾವ ಕೋಚೂ ಮಾಡುತ್ತಾರೆ. ಬಾಸ್ಕೆಟ್‌ಬಾಲ್‌ನಲ್ಲಿ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದು, ನಿಯಮ ಇರುವುದೇ ಅದಕ್ಕೆ. ಇಲ್ಲಿ ಹಾಗೇನೂ ಇರಲಿಲ್ಲ. ಟೀಮ್ ಸೋತು ಸೋತು ಪ್ರಿನ್ಸಿಪಾಲರು ಪಿ.ಡಿ. ಸರ್‌ಗೆ ಏನೋ ಅಂದಿದ್ದರಂತೆ, ಅವರು ಏನಾದರೂ ಮಾಡಿ ತೋರಿಸಬೇಕಿತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರೆ. ಇಲ್ಲಿ ಹಾಲು ಕೊಡುವ ಎಮ್ಮೆಯನ್ನೇ ಹುಡುಕಿ ಬರೆ ಹಾಕಿದರು.

ಸೋಲಿಗೆ ಕಾರಣ ಹುಡುಕಲು ಸ್ಫೂರ್ತಿ ಬೇಕಿಲ್ಲ, ಕಣ್ಣು ಸಾಕು. ಮಹಿಳೆಯರ ಪಂದ್ಯಕ್ಕೆ ಆರನೇ ಸೈಜಿನ ಚೆಂಡು. ಕಾಲೇಜಲ್ಲಿ ಇರುವುದು ಏಳನೇ ಸೈಜು, ಹುಡುಗರ ಟೀಮ್ ಆಡಿ ಸವೆಸಿದ್ದು. ವರ್ಷವಿಡೀ ದೊಡ್ಡ ಚೆಂಡಲ್ಲಿ ಪ್ರಾಕ್ಟೀಸ್ ಮಾಡಿ, ಮ್ಯಾಚ್ ದಿನ ಸಣ್ಣ ಚೆಂಡು ಕೈಗೆ ಬಂದರೆ ಎಸೆದದ್ದೆಲ್ಲ ಬೋರ್ಡ್ ದಾಟಿ ಹೋಗುತ್ತದೆ. ಒಂದು ಕಡೆಯ ರಿಂಗ್ ಬಾಗಿದೆ. ಸಿಮೆಂಟ್ ಕೋರ್ಟಿನ ನಡುವೆ ಬಿರುಕು, ಅಲ್ಲಿ ಹುಲ್ಲು ಬೇರೆ ಬೆಳೆದಿದೆ. ಡಿಸೆಂಬರ್ ಬಂತೆಂದರೆ ವಾರ್ಷಿಕೋತ್ಸವದ ಪೆಂಡಾಲ್ ಹಾಕಲು ಅದೇ ಜಾಗ, ಹದಿನೈದು ದಿನ ಪ್ರಾಕ್ಟೀಸ್ ಬಂದ್. ಶೂ ಅವರವರ ಮನೆ ಖರ್ಚು. ಅರ್ಧ ಹೊತ್ತಿಗೆ ಕೊಡುವುದು ಒಂದು ಬಾಳೆಹಣ್ಣು, ಒಂದು ಲೋಟ ಗ್ಲೂಕೋಸ್ ನೀರು. ಇದಕ್ಕೆಲ್ಲ ಹೊಣೆ ಯಾರು? ಅವರನ್ನು ಯಾರೂ ಯಾವತ್ತೂ ಬೆಂಚಿಗೆ ಹಾಕಿಲ್ಲ. ಅವರು ಸೋಫಾದಲ್ಲಿ ಕೂತು ಗೋಡಂಬಿ ತಿನ್ನುತ್ತಿದ್ದರು. ಆ ಹುಡುಗಿಗೆ ಇನ್ನು ಒಂದು ವರ್ಷ ಕಾಲೇಜು. ಅದು ಮುಗಿದರೆ ಆಟ ಮುಗಿಯಿತು, ಮನೆಯಲ್ಲಿ ಆಗಲೇ ಜಾತಕ ಕೇಳುತ್ತಿದ್ದಾರೆ. ಇರುವ ನಾಲ್ಕಾರು ಮ್ಯಾಚಿನಲ್ಲಿ ಒಂದನ್ನು, ಅಪ್ಪ ಬಂದು ನಿಂತ ಒಂದೇ ಒಂದನ್ನು, ಯಾರದೋ ಮೊಬೈಲ್ ವಿಡಿಯೊಗೋಸ್ಕರ ಕಿತ್ತುಕೊಂಡರು. ನನಗೆ ಇದರಲ್ಲಿ ತಮಾಷೆ ಹುಡುಕಲು ಆಗುತ್ತಿಲ್ಲ, ಸಾಕಾಗಿದೆ.

ಕೊನೇ ನಾಲ್ಕು ನಿಮಿಷಕ್ಕೆ ಮೂವರನ್ನೂ ಇಳಿಸಿದರು. ಅಷ್ಟರಲ್ಲಿ ದುರ್ಗದವರು ತಮ್ಮ ಸ್ಟಾರ್‌ಗಳನ್ನು ಕೂರಿಸಿದ್ದರು, ಗೆದ್ದಾಗಿತ್ತು, ಸುಸ್ತಾಗದಿರಲಿ ಅಂತ. ಹತ್ತನೇ ನಂಬರ್ ಎಂಟು ಪಾಯಿಂಟ್ ಹೊಡೆದಳು. ಓಡಿಬಂದು ಬುಟ್ಟಿಯ ಹತ್ತಿರ ಹಾರಿ ಚೆಂಡು ಹಾಕಿದ ಒಂದು ಲೇಅಪ್ ಅಂತೂ ಹೇಗಿತ್ತೆಂದರೆ, ಸೋಫಾದಲ್ಲಿದ್ದ ಒಬ್ಬರು ಮೊಬೈಲಿನಿಂದ ತಲೆ ಎತ್ತಿದರು. ಹನ್ನೊಂದು ಪಾಯಿಂಟಿನಿಂದ ಸೋತೆವು.

ಬಹುಮಾನ, ಭಾಷಣ, ಹಾರ ಮುಗಿದು ಅತಿಥಿಗಳ ಕಾರು ಹೊರಟ ಮೇಲೆ ಬೆಂಚು ವಾಪಸ್ ಕ್ಲಾಸಿಗೆ ಹೋಗಬೇಕಿತ್ತು. ಹುಡುಗಿಯರು ಒಂದು ತುದಿ ಎತ್ತಿದರು. ಇನ್ನೊಂದು ತುದಿಗೆ ಮಂಡಕ್ಕಿ ಅಂಗಡಿ ಅಪ್ಪ ಇಸ್ತ್ರಿ ಅಂಗಿಯ ತೋಳು ಮಡಚಿ ಕೈ ಹಾಕಿದರು. ಮೆಟ್ಟಿಲ ಹತ್ತಿರ ನಿಂತಿದ್ದ ಪಿ.ಡಿ. ಸರ್‌ಗೆ ಖುಷಿಯಾಯಿತು.

"ನೋಡ್ರಮ್ಮಾ," ಅಂದರು, "ಇದಕ್ಕೇ ನಾನು ಟೀಮ್ ಸ್ಪಿರಿಟ್ ಅನ್ನೋದು. ಹುಷಾರು, ಗೋಡೆಗೆ ತಾಗಿಸಬೇಡಿ, ಹೊಸಾ ಪೇಂಟು."