ಸಿಹಿ ಇದೆ ಅಂತ ದಿನಾ ಕುಡಿಯೋದಾ?

ಚೀನಾದ ಗಾನ್‌ತ್ಸಾವೊ ಬೇರಿನ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ, ಆದರೆ ‘ದಿನಾ ಎರಡು ಲೋಟ ಕಷಾಯ ಕುಡಿದರೂ ಏನೂ ಆಗಲ್ಲ’ ಅಂದಿದ್ದು ಮಾತ್ರ ಸರಿಯಲ್ಲ. ಅದು ನಮ್ಮ ಗ್ರಂಥಿಗೆ ಅಂಗಡಿಯ ಜ್ಯೇಷ್ಠಮಧುವಿನ ದಾಯಾದಿ. ಹೊರಗೆ ಕಂದು ಸಿಪ್ಪೆ, ಒಳಗೆ ಹಳದಿ ನಾರು. ಅಗಿದರೆ ಮೊದಲು ಸುಮ್ನೆ ಕಡ್ಡಿ ಅಗಿದ ಹಾಗಿರುತ್ತದೆ, ಆಮೇಲೆ ನಿಧಾನಕ್ಕೆ ಸಿಹಿ ಏರಿ ಗಂಟಲಲ್ಲೇ ಕೂತುಬಿಡುತ್ತದೆ. ಕೆಮ್ಮು ಬಂದಾಗೆಲ್ಲ ಅಮ್ಮ ಒಂದು ತುಂಡು ಕೊಡುತ್ತಿದ್ದರು, ಒಂದೇ ತುಂಡು.

ಆ ಸಿಹಿಗೆ ಕಾರಣ ಬೇರಿನಲ್ಲಿರುವ ಗ್ಲಿಸಿರೈಜಿನ್ ಅನ್ನೋ ಅಂಶ. ಅದು ದಿನಗಟ್ಟಲೆ ಜಾಸ್ತಿ ಹೋದರೆ ಮೈಯಲ್ಲಿ ಉಪ್ಪು, ನೀರು ನಿಂತು, ಪೊಟ್ಯಾಶಿಯಂ ಇಳಿದು, ಬಿಪಿ ಏರುತ್ತದೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರು, ಬಸುರಿಯರು ಇದರ ತಂಟೆಗೇ ಹೋಗಬಾರದು. ಚೀನಾದ ವೈದ್ಯರೂ ಇದನ್ನು ಹೆಚ್ಚಾಗಿ ಬೇರೆ ಮೂಲಿಕೆಗಳ ಜೊತೆ ಸೇರಿಸಿ, ಅವುಗಳ ತೀಕ್ಷ್ಣತೆ ತಗ್ಗಿಸಲು 2ರಿಂದ 10 ಗ್ರಾಂ ಅಷ್ಟೇ ಹಾಕುತ್ತಾರೆ (ಜಗಳ ಬಿಡಿಸೋ ಊರ ಹಿರಿಯನ ಹಾಗೆ ಅನ್ನಿ).

ಇನ್ನೊಂದು ವಿಷಯ ಬಿಟ್ಟಿದ್ದೀರಿ. ಉತ್ತರ ಚೀನಾದ ಒಳ ಮಂಗೋಲಿಯಾ, ನಿಂಗ್‌ಶಿಯಾ ಕಡೆ ಕಾಡು ಬೇರಿಗಾಗಿ ನೆಲ ಅಗೆದು ಅಗೆದು ಹುಲ್ಲುಗಾವಲು ಮರಳಾಗತೊಡಗಿ, 2000ದಲ್ಲಿ ಸರ್ಕಾರವೇ ಕಡಿವಾಣ ಹಾಕಬೇಕಾಯಿತು. ಅದನ್ನೂ ಹೇಳಬೇಕಿತ್ತು ಅಲ್ವಾ?