ಓಡುವವನು ಬೇಕೋ, ಬಿಡುವವನು ಬೇಕೋ

ಐಪಿಎಲ್ ಹರಾಜಿನ ದಿನ ಬೆಂಗಳೂರಿನಲ್ಲಿ ಎದ್ದೇಳುವ ಜಗಳಕ್ಕೂ, ಡಿಸೆಂಬರ್ ಚಳಿಯಲ್ಲಿ ಶಿಕಾಗೋದವರು ಆಡುವ ಬೇಸ್‌ಬಾಲ್ ಜಗಳಕ್ಕೂ ಮೇಲ್ನೋಟಕ್ಕೆ ಅಂಥ ವ್ಯತ್ಯಾಸವೇನಿಲ್ಲ. ಓಪನಿಂಗ್ ಯಾರು, ಅವನಿಗೆ ಇಷ್ಟು ಕೊಟ್ಟಿದ್ದು ಸರಿಯೇ, ಅವನ ಬದಲು ಇವನನ್ನು ತರಬಹುದಿತ್ತಲ್ಲ – ಎರಡೂ ಕಡೆ ಇದೇ ಮಾತು. ಹಾಗಾಗಿ ಕ್ರಿಕೆಟ್ ನೋಡುತ್ತ ಬೆಳೆದು ಅಮೆರಿಕಕ್ಕೆ ಬಂದ ಕನ್ನಡಿಗರು ಬೇಸ್‌ಬಾಲಿನಲ್ಲಿ ಮೊದಲು ಬ್ಯಾಟ್ ಹಿಡಿಯುವ ಲೀಡಾಫ್ ಬ್ಯಾಟರನನ್ನೂ ಓಪನರ್ ಅಂತಲೇ ತಿಳಿಯುತ್ತಾರೆ. ಚುರುಕಾಗಿ ಓಡುವವನನ್ನು ತಂಡ ಕೊಂಡಿತು ಅಂದಕೂಡಲೇ ಚಪ್ಪಾಳೆ ತಟ್ಟುತ್ತಾರೆ. ನನ್ನ ತಕರಾರು ಆ ಚಪ್ಪಾಳೆಯ ಮೇಲೆ. ಉದಾಹರಣೆಗೆ ಶಿಕಾಗೋದ ಕಬ್ಸ್ ತಂಡ 2005ರ ಡಿಸೆಂಬರಿನಲ್ಲಿ ಮಾಡಿದ ಒಂದು ವ್ಯಾಪಾರವನ್ನೇ ತೆಗೆದುಕೊಳ್ಳೋಣ.

ಫ್ಲಾರಿಡಾ ಮಾರ್ಲಿನ್ಸ್‌ನಿಂದ ವಾನ್ ಪಿಯರ್ ಅನ್ನುವ ಸೆಂಟರ್‌ಫೀಲ್ಡರ್ ಬಂದ. ಬದಲಿಗೆ ಸರ್ಜಿಯೋ ಮಿತ್ರೆ, ರೆನ್ಯೆಲ್ ಪಿಂಟೊ, ರಿಕಿ ನೊಲಾಸ್ಕೊ ಎಂಬ ಮೂವರು ಎಳೆಯ ಪಿಚರ್‌ಗಳು, ಅಂದರೆ ಚೆಂಡೆಸೆಯುವವರು, ಹೋದರು. ಪಿಯರ್ ಮೇಲೆ ತಂಡದ ಹಕ್ಕು ಉಳಿದಿದ್ದದ್ದು ಒಂದೇ ಒಂದು ವರ್ಷ. ಹಿಂದಿನ ಸೀಸನ್‌ನಲ್ಲಿ ಅವನು 57 ಬೇಸ್ ಕದ್ದಿದ್ದ. ಬೇಸ್ ಅಂದರೆ ಓಟಗಾರ ಒಂದೊಂದಾಗಿ ಮುಟ್ಟಿ ರನ್ ಗಳಿಸುವ ಠಾಣೆ; ಬ್ಯಾಟರ್ ಹೊಡೆಯುವುದನ್ನು ಕಾಯದೆ, ಪಿಚರ್ ಎಸೆಯುವ ಹೊತ್ತಿಗೇ ಮುಂದಿನದಕ್ಕೆ ಓಡಿ ಸೇರುವುದೇ ಕದಿಯುವುದು.

ಕಬ್ಸ್ ಅಭಿಮಾನಿಗಳು ಈ ಹುಡುಗನಿಗೆ ಅಷ್ಟೊಂದು ಆಸೆಪಟ್ಟದ್ದು ಸುಮ್ಮನೆ ಅಲ್ಲ. 2003ರಲ್ಲಿ ಮಾರ್ಲಿನ್ಸ್ ಎದುರಿನ ಲೀಗ್ ಫೈನಲ್‌ನ ಆರನೇ ಪಂದ್ಯ. ಎಂಟನೇ ಇನ್ನಿಂಗ್ಸ್, ಕಬ್ಸ್ 3–0 ಮುಂದೆ, ಇನ್ನು ಐದು ಔಟ್ ಸಿಕ್ಕರೆ ವರ್ಲ್ಡ್ ಸೀರೀಸ್ ಎಂಬ ಅಂತಿಮ ಸರಣಿ. ಆಗ ಡಬಲ್ ಹೊಡೆದು ಎರಡನೇ ಬೇಸಿನಲ್ಲಿ ನಿಂತವನು ಇದೇ ಪಿಯರ್. ಆಮೇಲೆ ಅದೇ ಇನ್ನಿಂಗ್ಸ್‌ನಲ್ಲಿ ಎಂಟು ರನ್ ಸುರಿದವು, ಪಂದ್ಯ ಹೋಯಿತು, ಮರುದಿನ ಸರಣಿಯೂ ಹೋಯಿತು. ಮನೆ ಹಾಳು ಮಾಡಿದವನನ್ನೇ ಮನೆಗೆ ಕರೆತಂದರೆ ಒಳ್ಳೆಯದಾದೀತು ಅನ್ನುವ ಲೆಕ್ಕ ನಮ್ಮ ಜನಕ್ಕೂ ಹೊಸದಲ್ಲ. ಜೊತೆಗೆ 2005ರಲ್ಲಿ ಕಬ್ಸ್ ಪರ ಎಷ್ಟೋ ಪಂದ್ಯಗಳಲ್ಲಿ ಮೊದಲು ಆಡಿದ ಕೋರಿ ಪ್ಯಾಟರ್ಸನ್‌ನ ಓಬಿಪಿ 0.254. ಓಬಿಪಿ ಅಂದರೆ ಸಾವಿರ ಸಲ ಬ್ಯಾಟ್ ಹಿಡಿದು ಬಂದರೆ ಎಷ್ಟು ಸಲ ಬೇಸ್ ತಲುಪುತ್ತಾನೆ ಅನ್ನುವ ಲೆಕ್ಕ. ನಾಲ್ಕು ಸಲದಲ್ಲಿ ಮೂರು ಸಲ ಬರಿಗೈಲಿ ವಾಪಸ್. ಅಂಥದನ್ನು ನೋಡಿ ಬೇಸತ್ತವರಿಗೆ ಪಿಯರ್ ಕಲ್ಪವೃಕ್ಷದ ಹಾಗೆ ಕಂಡದ್ದರಲ್ಲಿ ಆಶ್ಚರ್ಯವಿಲ್ಲ.

ಇನ್ನೂ ಹಳೆಯ ಗಾಯವೂ ಇತ್ತು. 1964ರ ಜೂನ್‌ನಲ್ಲಿ ಲೂ ಬ್ರಾಕ್ ಎಂಬ ಓಟಗಾರನನ್ನು ಸೇಂಟ್ ಲೂಯಿಸ್‌ಗೆ ಕೊಟ್ಟು ಅರ್ನಿ ಬ್ರಾಗ್ಲಿಯೊ ಎಂಬ ಪಿಚರನನ್ನು ಕಬ್ಸ್ ತಂದುಕೊಂಡಿತು. ಬ್ರಾಕ್ ಆ ವರ್ಷವೇ ವರ್ಲ್ಡ್ ಸೀರೀಸ್ ಗೆದ್ದ, ಮುಂದೆ ಒಟ್ಟು 938 ಬೇಸ್ ಕದ್ದು ಹಾಲ್ ಆಫ್ ಫೇಮ್ ಸೇರಿದ. ಬ್ರಾಗ್ಲಿಯೊ ಕಬ್ಸ್‌ಗಾಗಿ ಗೆದ್ದದ್ದು ಏಳೇ ಪಂದ್ಯ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಅನ್ನುವುದಕ್ಕೆ ಶಿಕಾಗೋದಲ್ಲಿ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗುವುದಿಲ್ಲ. ಓಟಗಾರನನ್ನು ಬಿಟ್ಟುಕೊಟ್ಟು ಕೆಟ್ಟೆವು ಅನ್ನುವ ಕೊರಗು ನಲವತ್ತು ವರ್ಷವಾದರೂ ಆರಿರಲಿಲ್ಲ.

ಇಷ್ಟೆಲ್ಲ ಇದ್ದರೂ ಲೆಕ್ಕ ಲೆಕ್ಕವೇ. ಕ್ರಿಕೆಟ್ ಬುದ್ಧಿ ಎಡವುವುದು ಇಲ್ಲಿಯೇ. ಟಿ20ಯಲ್ಲಿ ತಂಡದ ಕೈಲಿ ಎರಡು ಗಂಟುಗಳಿರುತ್ತವೆ: 120 ಚೆಂಡು, ಹತ್ತು ವಿಕೆಟ್. ಸಾಮಾನ್ಯವಾಗಿ ಮೊದಲು ಮುಗಿಯುವುದು ಚೆಂಡು. ಉಳಿದ ಮೂರು–ನಾಲ್ಕು ವಿಕೆಟ್ ಯಾರಿಗೂ ಬೇಡದ ಚಿಲ್ಲರೆ. ಹಾಗಾಗಿಯೇ ಸುನಿಲ್ ನರೈನ್‌ನಂಥ ಬೌಲರನನ್ನು ಓಪನಿಂಗ್‌ಗೆ ಕಳಿಸಿ, ಹೊಡೆದರೆ ಹೊಡೆಯಲಿ, ಔಟಾದರೆ ಆಗಲಿ ಅನ್ನುವ ಧೈರ್ಯ ಕೋಲ್ಕತ್ತಕ್ಕೆ ಬಂದದ್ದು. ಬೇಸ್‌ಬಾಲಿನಲ್ಲಿ ಚೆಂಡಿಗೆ ಮಿತಿಯೇ ಇಲ್ಲ. ಇರುವುದು ಒಂದೇ ಗಂಟು: ಒಂಬತ್ತು ಇನ್ನಿಂಗ್ಸ್, ಇನ್ನಿಂಗ್ಸ್‌ಗೆ ಮೂರರಂತೆ 27 ಔಟ್. ಔಟೇ ಇಲ್ಲಿ ವಿಕೆಟ್ಟೂ ಹೌದು, ಓವರೂ ಹೌದು. ಒಬ್ಬ ಔಟಾದ ಅಂದರೆ ತಂಡದ ಆಯುಸ್ಸಿನಲ್ಲಿ ಇಪ್ಪತ್ತೇಳನೇ ಒಂದು ಪಾಲು ಹೋಯಿತು.

ಈ ದೃಷ್ಟಿಯಿಂದ ನೋಡಿದರೆ ಲೀಡಾಫ್ ಜಾಗಕ್ಕೆ ಹೇಳಿ ಮಾಡಿಸಿದ ಗುಣ ಟಿ20 ಓಪನರನದಲ್ಲ, ಟೆಸ್ಟ್‌ನ ರಾಹುಲ್ ದ್ರಾವಿಡ್‌ರದು. ಟೆಸ್ಟ್‌ನಲ್ಲಿ 31,258 ಚೆಂಡು ಎದುರಿಸಿದ ಮನುಷ್ಯ. ಆಫ್ ಸ್ಟಂಪಿನ ಆಚೆ ಹೋಗುವ ಚೆಂಡನ್ನು ಬ್ಯಾಟ್ ಮೇಲೆತ್ತಿ ಬಿಡುವ ಆ ಬಿಡುವಿಕೆಗೆ ಕ್ರಿಕೆಟ್ ಒಂದು ರನ್ನನ್ನೂ ಕೊಡುವುದಿಲ್ಲ. ಬೇಸ್‌ಬಾಲ್ ಕೊಡುತ್ತದೆ. ಸ್ಟ್ರೈಕ್ ಜೋನ್, ಅಂದರೆ ಹೊಡೆಯಬೇಕಾದ ಅಳತೆಯ ಚೌಕ, ಅದರ ಆಚೆಯ ನಾಲ್ಕು ಚೆಂಡು ಬಿಟ್ಟರೆ ಒಂದು ಬೇಸ್ ಬಿಟ್ಟಿ. ಅದೇ ವಾಕ್. ಬೆವರಿಲ್ಲ, ಜಾರುವುದಿಲ್ಲ, ಬಟ್ಟೆ ಕೊಳೆಯಾಗುವುದಿಲ್ಲ. ನೋಡಲು ಮಜವೂ ಇಲ್ಲ, ಅದನ್ನು ಒಪ್ಪಬೇಕು.

ಪಿಯರ್‌ಗೆ ಬಾರದೇ ಇದ್ದ ವಿದ್ಯೆ ಅದೊಂದೇ. 2006ರಲ್ಲಿ ಅವನು 162 ಪಂದ್ಯಗಳಲ್ಲಿ ಒಂದನ್ನೂ ಬಿಡದೆ ಆಡಿದ. 750 ಸಲ ಬ್ಯಾಟ್ ಹಿಡಿದ, 204 ಹಿಟ್ ಹೊಡೆದ, 58 ಬೇಸ್ ಕದ್ದ. ಮೂರು ಸ್ಟ್ರೈಕ್ ಬಿದ್ದು ಔಟಾಗುವ ಸ್ಟ್ರೈಕೌಟ್ ಆದದ್ದು ಬರೀ 38 ಸಲ. ಪೇಪರಿನಲ್ಲಿ ಓದಿದರೆ ಭಲೇ ಅನ್ನಿಸುತ್ತದೆ. ಆದರೆ ವಾಕ್ ಗಳಿಸಿದ್ದು 32 ಸಲ. ಓಬಿಪಿ 0.330, ಆ ವರ್ಷದ ನ್ಯಾಷನಲ್ ಲೀಗಿನ ಸರಾಸರಿಗಿಂತ ಒಂದೆಳೆ ಕಡಿಮೆ. ಸಿಕ್ಕ ಚೆಂಡಿಗೆಲ್ಲ ಬ್ಯಾಟ್ ತಾಗಿಸುವವನಿಗೆ ಸ್ಟ್ರೈಕೌಟ್ ಕಡಿಮೆಯಾಗುತ್ತದೆ, ನಿಜ. ವಾಕ್ ಕೊಡುವ ಆ ನಾಲ್ಕನೇ ಚೆಂಡು ಬರುವಷ್ಟು ಹೊತ್ತು ಅವನು ಕ್ರೀಸಿನಲ್ಲಿ ಇರುವುದೂ ಇಲ್ಲ.

ಹಾಗಾದರೆ ಆ 58 ಕಳ್ಳತನಗಳ ಬೆಲೆ ಏನೂ ಇಲ್ಲವೇ? ಇದೆ. ಆದರೆ ಬೇಸ್ ಕದಿಯುವುದು ಹೇಗೆ ನಡೆಯುತ್ತದೆ ಅನ್ನುವುದನ್ನು ಮೊದಲು ನೋಡಬೇಕು. ಒಂದನೇ ಬೇಸಿನಿಂದ ಎರಡನೆಯದಕ್ಕೆ 90 ಅಡಿ, ನಮ್ಮ 22 ಗಜದ ಪಿಚ್‌ಗಿಂತ ಏಳು ಮೀಟರ್ ಹೆಚ್ಚು. ಓಟಗಾರ ಹನ್ನೆರಡು ಅಡಿಯಷ್ಟು ಮುಂದೆ ಸರಿದು ನಿಂತಿರುತ್ತಾನೆ. ಪಿಚರ್ ಕಾಲೆತ್ತಿದ ಕ್ಷಣದಿಂದ ಚೆಂಡು ಬ್ಯಾಟರನ ಹಿಂದಿರುವ ಕ್ಯಾಚರನ ಗ್ಲೌಸ್ ಸೇರಲು ಸುಮಾರು 1.3 ಸೆಕೆಂಡ್. ಕ್ಯಾಚರ್ ಎದ್ದು ಎರಡನೇ ಬೇಸಿಗೆ ಎಸೆಯಲು ಇನ್ನೆರಡು ಸೆಕೆಂಡ್. ಒಟ್ಟು 3.3. ಈ ಮೂರು ಚಿಲ್ಲರೆ ಸೆಕೆಂಡಿನಲ್ಲಿ ಉಳಿದ 78 ಅಡಿ ಓಡಿ ಜಾರಿ ಬೇಸ್ ಮುಟ್ಟಬೇಕು. ಪಿಚರ್ ಕಾಲನ್ನು ಪೂರ್ತಿ ಎತ್ತದೆ ನೆಲದ ಹತ್ತಿರವೇ ಸರಿಸಿ ಎಸೆದು ಹತ್ತನೇ ಒಂದು ಸೆಕೆಂಡ್ ಉಳಿಸಿದರೂ ಓಟಗಾರ ಎರಡು ಮೂರು ಅಡಿ ಹಿಂದೆ ಬೀಳುತ್ತಾನೆ. ಎಡಗೈ ಪಿಚರ್ ಆದರೆ ಇನ್ನೂ ಕಷ್ಟ, ಅವನ ಮುಖ ಒಂದನೇ ಬೇಸಿನ ಕಡೆಗೇ ಇರುತ್ತದೆ. ಅಂದರೆ ಬೇಸನ್ನು ಕದಿಯುವುದು ಕ್ಯಾಚರನಿಂದ ಅಲ್ಲ, ಪಿಚರನಿಂದ. ಬರೀ ಕಾಲಿದ್ದರೆ ಸಾಲದು, ಪಿಚರನ ಹಿಮ್ಮಡಿ ಓದಲು ಬರಬೇಕು.

ಈಗ ರನ್ನಿನ ಲೆಕ್ಕ. ಯಾರೂ ಔಟಾಗದೆ ಒಂದನೇ ಬೇಸಿನಲ್ಲಿ ಒಬ್ಬ ಇದ್ದರೆ ಆ ಇನ್ನಿಂಗ್ಸ್‌ನಲ್ಲಿ ಸರಾಸರಿ 0.9 ರನ್ ಬರುತ್ತದೆ. ಅವನು ಎರಡನೆಯದಕ್ಕೆ ಕದ್ದು ಹೋದರೆ ಅದು 1.1ರ ಸುಮಾರಿಗೆ ಏರುತ್ತದೆ. ಸಿಕ್ಕಿಬಿದ್ದರೆ ಬೇಸ್ ಖಾಲಿ, ಒಂದು ಔಟ್, 0.3ಕ್ಕಿಂತ ಕೆಳಗೆ. ಕದ್ದರೆ ಸಿಗುವುದು ಹಿಡಿ, ಸಿಕ್ಕಿಬಿದ್ದರೆ ಹೋಗುವುದು ಸೇರು. ಹೀಗಾಗಿ ಎಲ್ಲ ಸಂದರ್ಭ ಸೇರಿಸಿ ನೋಡಿದರೂ ಹತ್ತಕ್ಕೆ ಏಳು ಸಲವಾದರೂ ಗೆಲ್ಲದವನು ಓಡದೆ ಇರುವುದೇ ಮೇಲು. ಪಿಯರ್ 78 ಸಲ ಓಡಿ 58 ಗೆದ್ದ, 20 ಸಿಕ್ಕಿಬಿದ್ದ. ಎಲ್ಲ ಸಂದರ್ಭಗಳ ಸರಾಸರಿ ತೆಗೆದು ಗೆಲುವಿಗೆ 0.2, ಸೋಲಿಗೆ 0.4 ಅಂತ ಹಿಡಿದರೂ 11.6 ಬಂತು, 8 ಹೋಯಿತು. ಇಡೀ ವರ್ಷದ ಬೆವರಿಗೆ ನಿವ್ವಳ ಮೂರೂವರೆ ರನ್!

ಅದೇ 750 ಸಲದಲ್ಲಿ 0.360 ಓಬಿಪಿ ಇರುವ ಒಬ್ಬ ಮಂದಗಾಲಿನವನು 22 ಸಲ ಹೆಚ್ಚು ಬೇಸ್ ಸೇರುತ್ತಾನೆ. ಔಟಾಗುವುದಕ್ಕೂ ವಾಕ್ ಸಿಗುವುದಕ್ಕೂ ನಡುವಿನ ಅಂತರ ಸುಮಾರು 0.6 ರನ್. ಹದಿಮೂರು ರನ್ ಆಯಿತು. ಹತ್ತು ರನ್ ಅಂದರೆ ಸರಿಸುಮಾರು ಒಂದು ಗೆಲುವು ಅಂತ ಇಲ್ಲಿನವರು ಎಣಿಸುತ್ತಾರೆ. ಬಿಡುವವನು ಓಡುವವನಿಗಿಂತ ಎಷ್ಟು ಮೇಲು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಪಿಯರ್ ಪರವಾಗಿ ಹೇಳಬೇಕಾದ ಒಂದು ಮಾತು ಉಳಿದಿದೆ. ಆಗ ನ್ಯಾಷನಲ್ ಲೀಗಿನಲ್ಲಿ ಪಿಚರ್ ತಾನೇ ಬ್ಯಾಟ್ ಮಾಡಬೇಕಿತ್ತು, ಅದೂ ಸಾಮಾನ್ಯವಾಗಿ ಒಂಬತ್ತನೆಯವನಾಗಿ. ಅವನ ಹಿಂದೆಯೇ ಬರುವ ಲೀಡಾಫ್‌ನವನ ಪಾಲಿಗೆ ಬೇಸ್‌ಗಳು ಬಹುತೇಕ ಖಾಲಿ. ಚೆಂಡನ್ನು ಗೋಡೆ ದಾಟಿಸಿ ಹೋಮ್‌ರನ್ ಹೊಡೆಯುವವನನ್ನು ಆ ಜಾಗಕ್ಕೆ ಹಾಕಿದರೆ ವ್ಯರ್ಥ, ಓಡುವವನಿಗೆ ಅದೇ ತಕ್ಕ ಜಾಗ ಅನ್ನುವ ವಾದದಲ್ಲಿ ಹುರುಳಿತ್ತು. ಜೊತೆಗೆ ಆ ವರ್ಷ ಏಪ್ರಿಲ್‌ನಲ್ಲೇ ತಂಡದ ಮುಖ್ಯ ಬ್ಯಾಟರ್ ಡೆರೆಕ್ ಲೀ ಮಣಿಕಟ್ಟು ಮುರಿದುಕೊಂಡ. ಓಟಗಾರ ಎರಡನೇ ಬೇಸಿನಲ್ಲಿ ನಿಂತಿದ್ದರೂ ಅವನನ್ನು ಮನೆಗೆ ತರುವವನೇ ಇಲ್ಲದಂತಾಯಿತು. ಊಟವೇ ಇಲ್ಲದ ಎಲೆಗೆ ಉಪ್ಪಿನಕಾಯಿ ಬಡಿಸಿದ ಹಾಗೆ. ಕಬ್ಸ್ 66 ಗೆದ್ದು 96 ಸೋತಿತು. ಪಿಯರ್ ಡಾಜರ್ಸ್ ತಂಡದ ಜೊತೆ ಐದು ವರ್ಷಕ್ಕೆ 44 ಮಿಲಿಯನ್ ಡಾಲರಿಗೆ ಸಹಿ ಹಾಕಿ ಹೊರಟ. ಅವನಿಗಾಗಿ ಕೊಟ್ಟ ಪಿಚರ್ ನೊಲಾಸ್ಕೊ ಮಾರ್ಲಿನ್ಸ್‌ಗೆ 81 ಪಂದ್ಯ ಗೆದ್ದುಕೊಟ್ಟ.

ಶಿಕಾಗೋದ ದಕ್ಷಿಣ ಭಾಗದ ಇನ್ನೊಂದು ತಂಡ ವೈಟ್ ಸಾಕ್ಸ್ 2005ರಲ್ಲಿ ಚಾಂಪಿಯನ್ ಆದದ್ದೂ ಓಟದಿಂದಲೇ ಅನ್ನುವ ಮಾತು ಆಗ ಜೋರಾಗಿತ್ತು. ಅವರು ಹೊಡಿಬಡಿ ಬ್ಯಾಟರ್ ಕಾರ್ಲೋಸ್ ಲೀಯನ್ನು ಕೊಟ್ಟು ಸ್ಕಾಟ್ ಪೊಡ್ಸೆಡ್ನಿಕ್‌ನನ್ನು ತಂದಿದ್ದರು. ಅವನು 59 ಬೇಸ್ ಕದ್ದ. ಆದರೆ ತಂಡದ ಒಟ್ಟು ರನ್ 2004ರ 865ರಿಂದ 741ಕ್ಕೆ ಇಳಿಯಿತು! ಗೆಲ್ಲಿಸಿದ್ದು ಪಿಚಿಂಗ್: ಬಿಟ್ಟುಕೊಟ್ಟ ರನ್ 831ರಿಂದ 645ಕ್ಕೆ ಕುಸಿದಿತ್ತು. ತಂಡ 200 ಹೋಮ್‌ರನ್ನನ್ನೂ ಹೊಡೆದಿತ್ತು. ಸೀಸನ್ನಿನಲ್ಲಿ ಒಂದೂ ಹೋಮ್‌ರನ್ ಇಲ್ಲದ ಪೊಡ್ಸೆಡ್ನಿಕ್ ವರ್ಲ್ಡ್ ಸೀರೀಸ್‌ನ ಎರಡನೇ ಪಂದ್ಯ ಗೆಲ್ಲಿಸಿದ್ದು ಕೂಡ ಓಡಿ ಅಲ್ಲ, ಚೆಂಡನ್ನು ಗೋಡೆ ದಾಟಿಸಿ.

ಪಕ್ಕದ ಮನೆಯ ಹಬ್ಬ ನೋಡಿ ಅಡುಗೆ ಮಾಡಿದವರು ಅದನ್ನು ಗಮನಿಸಲಿಲ್ಲ. ಕಬ್ಸ್‌ಗೆ ಕೊನೆಗೂ ಸರಿಯಾದ ಲೀಡಾಫ್ ಸಿಕ್ಕಿದ್ದು 2015ರಲ್ಲಿ, ಹ್ಯೂಸ್ಟನ್‌ನಿಂದ ಬಂದ ಡೆಕ್ಸ್‌ಟರ್ ಫೌಲರ್. 2016ರಲ್ಲಿ ಅವನು ಕದ್ದದ್ದು ಹದಿಮೂರೇ ಬೇಸ್, ಓಬಿಪಿ ಮಾತ್ರ 0.393. ತಂಡ 108 ವರ್ಷದ ಬಳಿಕ ಗೆದ್ದಿತು.

ಇಂದಿನ ಮಾತಿಗೆ ಬಂದರೆ 2023ರಿಂದ ನಿಯಮವೇ ಓಟಗಾರನ ಕಡೆ ವಾಲಿದೆ. ಬೇಸ್ 15 ಇಂಚಿನಿಂದ 18ಕ್ಕೆ ಹಿಗ್ಗಿತು, ಹಾಗಾಗಿ ಒಂದರಿಂದ ಎರಡಕ್ಕೆ ನಾಲ್ಕೂವರೆ ಇಂಚು ಕಡಿಮೆ. ಪಿಚರ್ ಒಬ್ಬ ಬ್ಯಾಟರನಿಗೆ ಎರಡೇ ಸಲ, ಓಟಗಾರನನ್ನು ತಡೆಯಲು, ತಾನು ನಿಲ್ಲುವ ಪಿಚಿಂಗ್ ರಬ್ಬರ್ ಪಟ್ಟಿಯಿಂದ ಕಾಲು ತೆಗೆಯಬಹುದು. ಮೂರನೇ ಸಲ ಎಸೆದು ಓಟಗಾರನನ್ನು ಹಿಡಿಯದಿದ್ದರೆ ಅವನಿಗೆ ಮುಂದಿನ ಬೇಸ್ ಉಚಿತ. ಹತ್ತಕ್ಕೆ ಎಂಟು ಪ್ರಯತ್ನ ಗೆಲ್ಲತೊಡಗಿದವು. ಈಗ ಓಟದ ಬೆಲೆ ಏರಿದೆ, ಖಂಡಿತ. ಆದರೆ ಅದೇ ವರ್ಷ ಓಕ್‌ಲೆಂಡ್ ತಂಡದ ಎಸ್ತೆರಿ ರುಯಿಸ್ 67 ಬೇಸ್ ಕದ್ದ, ಓಬಿಪಿ 0.309, ತಂಡ 112 ಪಂದ್ಯ ಸೋತಿತು. 73 ಕದ್ದ ಅಟ್ಲಾಂಟಾದ ರೊನಾಲ್ಡ್ ಅಕುನಾನ ಓಬಿಪಿ 0.416. ಬೇಸೇ ತಲುಪದವನು ಕದಿಯುವುದು ಎಲ್ಲಿಂದ?

ಹಾಗಂತ ಬರೀ ಓಟಕ್ಕಾಗಿ ಒಬ್ಬನನ್ನು ಕೊಳ್ಳಲೇಬಾರದು ಅನ್ನುವುದಿಲ್ಲ. ಕೊಂಡು ಬೆಂಚಿನಲ್ಲಿ ಕೂರಿಸಿ. ಕ್ರಿಕೆಟಿಗರಿಗೆ ಇದು ವಿಚಿತ್ರ ಅನ್ನಿಸಬಹುದು, ನಮ್ಮಲ್ಲಿ ಗಾಯಗೊಂಡವನಿಗೂ ರನ್ನರ್ ಇಲ್ಲವೆಂದು ಐಸಿಸಿ 2011ರಲ್ಲೇ ತೆಗೆದುಹಾಕಿತು. ಇಲ್ಲಿ ಗಾಯವಿಲ್ಲದಿದ್ದರೂ ಓಟಗಾರನನ್ನು ಬದಲಿಸಬಹುದು, ಹೊರಬಂದವನು ಮತ್ತೆ ಆಡುವಂತಿಲ್ಲ ಅಷ್ಟೆ. 2004ರ ಜುಲೈ 31ರಂದು ಬಾಸ್ಟನ್ ತಂಡ ಡೇವ್ ರಾಬರ್ಟ್ಸ್‌ನನ್ನು ತಂದದ್ದು ಇಂಥ ಕೆಲಸಕ್ಕೇ. ಅಕ್ಟೋಬರ್‌ನಲ್ಲಿ ಯಾಂಕೀಸ್ ಎದುರು ಮೂರು ಪಂದ್ಯ ಸೋತು, ನಾಲ್ಕನೆಯದರ ಒಂಬತ್ತನೇ ಇನ್ನಿಂಗ್ಸ್‌ನಲ್ಲಿ ಒಂದು ರನ್ ಹಿಂದಿದ್ದಾಗ ಕೆವಿನ್ ಮಿಲ್ಲರ್ ವಾಕ್ ಗಳಿಸಿ ಒಂದನೇ ಬೇಸ್ ಸೇರಿದ. ಅವನ ಬದಲು ರಾಬರ್ಟ್ಸ್ ಇಳಿದ. ಯಾಂಕೀಸ್ ಪಿಚರ್ ಮರಿಯಾನೊ ರಿವೆರಾ ಮೂರು ಸಲ ಒಂದನೇ ಬೇಸಿಗೆ ಎಸೆದು ಅವನನ್ನು ಹಿಂದಕ್ಕಟ್ಟಿದ. ನಂತರದ ಮೊದಲ ಪಿಚ್‌ಗೇ ರಾಬರ್ಟ್ಸ್ ಹೊರಟ, ಕೂದಲೆಳೆಯಲ್ಲಿ ಎರಡನೆಯದನ್ನು ಮುಟ್ಟಿದ, ಬಿಲ್ ಮುಲ್ಲರ್‌ನ ಹಿಟ್‌ಗೆ ರನ್ ಗಳಿಸಿದ. ಬಾಸ್ಟನ್ ಆ ಪಂದ್ಯ, ಆ ಸರಣಿ, ಆ ವರ್ಷದ ವರ್ಲ್ಡ್ ಸೀರೀಸ್ ಎಲ್ಲವನ್ನೂ ಗೆದ್ದಿತು. ರಾಬರ್ಟ್ಸ್‌ಗಾಗಿ ಅವರು ಬಿಟ್ಟುಕೊಟ್ಟಿದ್ದು ಮೈನರ್ ಲೀಗಿನ ಒಬ್ಬ ಔಟ್‌ಫೀಲ್ಡರನನ್ನು.