ನಾಗಬನ ಉಳಿದದ್ದು ನಂಬಿಕೆಯಿಂದ

ತೆರಿಗೆ ಜಾಸ್ತಿ ಮಾಡದೆ ಬಡವರನ್ನೂ ಪರಿಸರವನ್ನೂ ಉಳಿಸಲು ಆಗದು ಎಂದು ಲೇಖನವೊಂದರಲ್ಲಿ ಓದಿದೆ. ನಾನು ಒಪ್ಪುವುದಿಲ್ಲ. ನಮ್ಮ ಉಡುಪಿಯಲ್ಲೇ 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಮುಂದೆ ನಿಂತು ಬ್ಯಾಂಕ್ ಕಟ್ಟಿದರು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದ ಸಂಸ್ಥೆಯವರು 1928ರಲ್ಲಿ ಮನೆ ಬಾಗಿಲಿಗೇ ಬಂದು ದಿನಕ್ಕೆ ಎರಡಾಣೆಯನ್ನೂ ಪಿಗ್ಮಿ ಎಂಬ ಸಣ್ಣ ಉಳಿತಾಯಕ್ಕೆ ಕಟ್ಟಿಸಿಕೊಳ್ಳಲು ಶುರು ಮಾಡಿದರು. ಇದೆಲ್ಲ ಊರವರೇ ಮಾಡಿದ್ದು, ಅಲ್ವಾ? ನಾಗದೇವರಿಗೆ ಬಿಟ್ಟ ನಾಗಬನದ ಮರಕ್ಕೆ ಯಾರೂ ಕತ್ತಿ ಹಾಕದೇ ಇದ್ದದ್ದೂ ನಂಬಿಕೆಯಿಂದ, ದಂಡದ ಹೆದರಿಕೆಯಿಂದ ಅಲ್ಲ. (ಈಗ ನಮ್ಮವರೇ ಬನ ಕಡಿದು ಸಿಮೆಂಟ್ ಕಟ್ಟೆ ಕಟ್ಟುತ್ತಾರೆ, ನೋಡಿದರೆ ಹೊಟ್ಟೆ ಉರಿಯುತ್ತದೆ.) ಕಷ್ಟದಲ್ಲಿ ಇರುವವರಿಗೆ ಸರ್ಕಾರ ಕೊಡಲಿ, ಬೇಡ ಅನ್ನುವುದಿಲ್ಲ. ಆದರೆ ಹವಾಮಾನದ ಹೆಸರಲ್ಲಿ ಸೀಮೆಎಣ್ಣೆ, ಡೀಸೆಲ್ ಮೇಲೆ ಇನ್ನೊಂದು ತೆರಿಗೆ ಹಾಕಿದರೆ ಮಲ್ಪೆಯಲ್ಲಿ ನಾಡದೋಣಿಯಲ್ಲಿ ಮೀನು ಹಿಡಿಯುವವರು ಎಲ್ಲಿಗೆ ಹೋಗಬೇಕು?